ಹಳೆಯ ಸಾಮಾನುಗಳ ಮಾರಾಟ

ಮನೆಯ ಮೂಲೆ ಸೇರಿದ ಸೈಕಲ್ಲು, ಕಪಾಟು, ಹೊಲಿಗೆಯಂತ್ರಗಳನ್ನು ಓಎಲ್‌ಎಕ್ಸ್‌ನಂತಹ ಅಂತರ್ಜಾಲ ಸಂತೆಯಲ್ಲಿ ಮಾರುವುದು ಈಗ ಸುಲಭವಾಗಿದೆ. ವಸ್ತುವನ್ನು ಶುಚಿಗೊಳಿಸಿ ಹಗಲು ಬೆಳಕಿನಲ್ಲಿ ಚಿತ್ರ ತೆಗೆದು, ಕೊಂಡ ವರ್ಷ, ಅಳತೆ, ದೋಷ ಇವನ್ನು ಮರೆಮಾಚದೆ ಬರೆಯಬೇಕು. ಅಂತಹುದೇ ವಸ್ತುಗಳಿಗೆ ಇತರರು ಕೇಳುವ ಬೆಲೆಯನ್ನು ನೋಡಿ ನಮ್ಮ ಬೆಲೆಯನ್ನು ಗೊತ್ತುಪಡಿಸಬೇಕು.

ಆದರೆ ಇಲ್ಲಿ ಮಾರುವವನೇ ಮೋಸಹೋಗುವುದುಂಟು. ವಂಚಕನು ವಸ್ತುವನ್ನು ನೋಡದೆಯೇ ಬೆಲೆಗೆ ಒಪ್ಪಿ, “ಹಣ ಬರಬೇಕಾದರೆ ಈ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ” ಎನ್ನುತ್ತಾನೆ. ಒತ್ತಿದೊಡನೆ ಹಣವು ನಮ್ಮ ಖಾತೆಯಿಂದಲೇ ಹೋಗುತ್ತದೆ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಎಂದಿಗೂ ಬೇಕಾಗದು. ಹಣವು ಖಾತೆಗೆ ಜಮೆಯಾದುದನ್ನು ಕಣ್ಣಾರೆ ನೋಡಿದ ಮೇಲೆಯೇ ವಸ್ತುವನ್ನು ಕೊಡತಕ್ಕದ್ದು. ಮೋಸ ನಡೆದರೆ ತಡಮಾಡದೆ 1930ಕ್ಕೆ ದೂರವಾಣಿ ಮಾಡಬೇಕು. ವಿದ್ಯಾರ್ಥಿಗಳು ಇದನ್ನು ಮನೆಯ ಹಿರಿಯರಿಗೆ ಓದಿ ಹೇಳಲಿ.