ಮಳೆ ಬಂದಾಗ ಮನೆ ನೋಡಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ಹಳೆಯ ಗಾದೆ. ಈಗ ಬೆಂಗಳೂರಿನಂಥ ಊರಿನಲ್ಲಿ ಕಟ್ಟಿದ ಮನೆಯನ್ನು ಕೊಳ್ಳುವವರೇ ಬಹಳ. ನಲ್ಲಿ ತಿರುಗಿಸಿ ನೋಡುತ್ತಾರೆ, ವಾಸ್ತು ವಿಚಾರಿಸುತ್ತಾರೆ, ಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ. ಆದರೆ ಮಳೆ ಸುರಿದರೆ ನೀರು ಎತ್ತ ಹರಿಯುತ್ತದೆ ಎಂದು ಕೇಳುವವರು ವಿರಳ.

ನಾನೂ ಕೇಳಲಿಲ್ಲ. ಊರಂಚಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್ ಕೊಂಡದ್ದು ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಭವಿಷ್ಯನಿಧಿಯಿಂದ ಹಣ ತೆಗೆದು. ವಾಹನ ನಿಲ್ಲಿಸುವ ನೆಲಮಾಳಿಗೆಯ ಗೋಡೆಗೆ ಸೊಂಟದೆತ್ತರದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಅದೇಕೆ ಎಂದು ಹೊಳೆಯಲೇ ಇಲ್ಲ. ಆಗಸ್ಟ್‌ನ ಒಂದು ರಾತ್ರಿ ನೀರು ಸರಿಯಾಗಿ ಆ ಬಣ್ಣದ ಗೆರೆಯವರೆಗೆ ಬಂದು ನಿಂತಿತು. ಸ್ಕೂಟರ್ ಮುಳುಗಿತು, ಪಂಪು ಸುಟ್ಟಿತು, ಲಿಫ್ಟ್ ನಿಂತಿತು. ಎರಡು ದಿನ ಕುಡಿಯುವ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತಿದೆವು. "ಅಪ್ಪಾ, ನೀರು ತನ್ನ ಮಟ್ಟ ತಾನೇ ಕಂಡುಕೊಳ್ಳುತ್ತೆ ಅಂತ ಪಾಠ ಮಾಡೋದು ನೀವೇ ಅಲ್ವಾ?" ಎಂದಳು ಮಗಳು. ಉತ್ತರಿಸಲಾಗಲಿಲ್ಲ.

ಕೆರೆಯ ನೆನಪು

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಅದಕ್ಕಾಗಿ ಹಿರಿಯರು ಕಣಿವೆಗಳಲ್ಲಿ ಒಂದರ ಕೆಳಗೊಂದರಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆ ಸೇರುತ್ತಿತ್ತು. ಊರು ಬೆಳೆದಂತೆ ಹಲವು ಕೆರೆಗಳು ಮಾಯವಾದವು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ; ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ನೆಲದ ಇಳಿಜಾರು ಹೋಗಲಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನದಲ್ಲಿ 130 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿದ್ದಾಗ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಏರಿ ಹೊರಬರಬೇಕಾಯಿತು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಅಡಿ ನಿವೇಶನವೆಂದರೆ ಸುಮಾರು 111 ಚದರ ಮೀಟರ್. 100 ಮಿಲಿಮೀಟರ್ ಮಳೆಗೆ ಅಲ್ಲಿ 11,000 ಲೀಟರ್, ಒಂದು ಎಕರೆಗೆ 4 ಲಕ್ಷ ಲೀಟರ್! ಹೊಲವಾಗಿದ್ದರೆ ಮಣ್ಣು ಒಂದಿಷ್ಟು ಕುಡಿಯುತ್ತಿತ್ತು. ಕಾಂಕ್ರೀಟು, ಡಾಂಬರು ಕುಡಿಯುವುದಿಲ್ಲ. ನೀರೆಲ್ಲ ತಗ್ಗು ಹುಡುಕಿ ಹೊರಡುತ್ತದೆ. ರಸ್ತೆಗಿಂತ ಕೆಳಗಿರುವ ನೆಲಮಾಳಿಗೆಗಿಂತ ದೊಡ್ಡ ತಗ್ಗು ಯಾವುದು?

ಮೂರು ದಾರಿ

ನೆಲಮಾಳಿಗೆಗೆ ನೀರು ಬರುವ ಮೊದಲ ದಾರಿ ವಾಹನ ಇಳಿಯುವ ಇಳಿಜಾರು. ಎರಡನೆಯದು ಚರಂಡಿ. ಬೀದಿಯ ಚರಂಡಿ ತುಂಬಿದಾಗ ಅದರ ಮಟ್ಟ ನೆಲಮಾಳಿಗೆಯ ಮೋರಿಗಿಂತ ಮೇಲಿರುತ್ತದೆ. ಕೊಳೆನೀರು ಹಿಂದಕ್ಕೆ ಹರಿದು ಒಳಗೆ ಉಕ್ಕುತ್ತದೆ. ಮೂರನೆಯದು ಕಣ್ಣಿಗೆ ಕಾಣದ ಒಸರು. ಗೋಡೆಯ ಹಿಂದಿನ ಮಣ್ಣು ನೀರಿನಿಂದ ತುಂಬಿದರೆ ಪ್ರತಿ ಮೀಟರ್ ಆಳಕ್ಕೆ ಚದರ ಮೀಟರಿಗೆ ಒಂದು ಟನ್ ಒತ್ತಡ ಬೀಳುತ್ತದೆ. ಮೂರು ಮೀಟರ್ ಆಳದಲ್ಲಿ ಮೂರು ಟನ್. ಗೋಡೆ ಮತ್ತು ನೆಲ ಕೂಡುವ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು.

ಇಷ್ಟೇ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ನೀರು ತುಂಬುತ್ತಿರುವಾಗ ವಾಹನ ತರಲೆಂದು ಯಾರೂ ಕೆಳಗಿಳಿಯಬಾರದು. ಒಂದು ಮೀಟರ್ ಅಗಲದ ಬಾಗಿಲಿಗೆ ಒಂದು ಮೀಟರ್ ಎತ್ತರ ನೀರು ಒತ್ತಿಕೊಂಡರೆ ಅದರ ಬಲ ಸುಮಾರು ಅರ್ಧ ಟನ್ ಭಾರಕ್ಕೆ ಸಮ. ಅದನ್ನು ತಳ್ಳಿ ತೆರೆಯುವುದು ಮನುಷ್ಯನಿಂದ ಆಗದ ಕೆಲಸ. ವಿದ್ಯುತ್ ಮೀಟರುಗಳೂ ಅಲ್ಲೇ ಇದ್ದರೆ ಅಪಾಯ ಇಮ್ಮಡಿ.

ಏನು ನೋಡಬೇಕು?

ಮನೆ ನೋಡಲು ಹೋದಾಗ ಮೊದಲು ನೆಲಮಾಳಿಗೆಗೆ ಇಳಿಯಿರಿ. ಮುಗ್ಗಲು ವಾಸನೆ, ಗೋಡೆಯಲ್ಲಿ ಬಿಳಿ ಉಪ್ಪಿನ ಪುಡಿ, ಒಂದೇ ಎತ್ತರಕ್ಕೆ ಬಳಿದ ಹೊಸ ಬಣ್ಣ ಕಂಡರೆ ಕಾರಣ ಕೇಳಿ. ಗೋಡೆ ಒದ್ದೆಯಾಗಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಹೊರಮೈಯಲ್ಲಿದ್ದರೆ ಅದು ಗಾಳಿಯ ತೇವ. ಗೋಡೆಯ ಕಡೆಗಿದ್ದರೆ ಒಸರು. ವಿದ್ಯುತ್ ಮೀಟರು, ಪಂಪು ಎಲ್ಲಿವೆ, ಚರಂಡಿಗೆ ಹಿಮ್ಮುಖ ಹರಿವು ತಡೆಯುವ ಕವಾಟವಿದೆಯೇ, ಕರೆಂಟು ಹೋದರೆ ನೀರೆತ್ತುವ ವ್ಯವಸ್ಥೆ ಏನು ಎಂದು ವಿಚಾರಿಸಿ.

ಕಾಗದ ನೋಡುವಾಗ ಗ್ರಾಮ ನಕ್ಷೆಯನ್ನೂ ನೋಡಿ. ಅದರಲ್ಲಿ ಕೆರೆ, ಹಳ್ಳ, ಕಾಲುವೆಗಳ ಗುರುತಿರುತ್ತದೆ. ಸರ್ಕಾರದ 'ದಿಶಾಂಕ್' ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಅದು ರಸ್ತೆ, ಹಳ್ಳ, ಕೆರೆಯಂಥ ಸಾರ್ವಜನಿಕ ಜಾಗವಿರಬಹುದು. ಕೊನೆಗೆ ಬೀದಿ ತುದಿಯ ಇಸ್ತ್ರಿ ಅಂಗಡಿಯವರನ್ನು ಕೇಳಿ. ಕಳೆದ ಮಳೆಗೆ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಅವರು ಕೈಮಾಡಿ ತೋರಿಸುತ್ತಾರೆ. ಮಾರುವವರಿಗಿಂತ ಅವರ ಮಾತು ನಂಬಿಕೆಗೆ ಅರ್ಹ.

ಮಗಳಿಗೆ ಈಗ ಕೆಲಸ ಸಿಕ್ಕಿದೆ, ಮನೆ ಹುಡುಕುತ್ತಿದ್ದಾಳೆ. ಹೋದ ಮಳೆಗಾಲದಲ್ಲಿ ಒಂದು ಮನೆ ಅವಳಿಗೆ ತುಂಬ ಹಿಡಿಸಿತ್ತು, ಮುಂಗಡ ಕೊಡುವುದಷ್ಟೇ ಬಾಕಿ. ಜೋರು ಮಳೆಯ ಒಂದು ಸಂಜೆ ಇಬ್ಬರೂ ಕೊಡೆ ಹಿಡಿದು ಅಲ್ಲಿಗೆ ಹೋದೆವು. ರಸ್ತೆಯ ನೀರು ಗೇಟು ದಾಟಿ ಇಳಿಜಾರಿಗೆ ಇಳಿಯುತ್ತಿತ್ತು. ಅವಳು ಸ್ವಲ್ಪ ಹೊತ್ತು ನೋಡಿದಳು. "ಬೇಡ ಅಪ್ಪಾ, ಬೇರೆ ನೋಡೋಣ" ಎಂದಳು. ಈ ಸಲ ಪಾಠ ಹೇಳುವ ಅಗತ್ಯ ಬೀಳಲಿಲ್ಲ.