ಒಬ್ಬರ ಪಥ್ಯ, ಮನೆಮಂದಿಗೆಲ್ಲ ಹೊಸ ಅಡುಗೆ

ಕನ್ನಡದಲ್ಲಿ 'ಅನ್ನ' ಎಂಬ ಪದಕ್ಕೆ ಬೆಂದ ಅಕ್ಕಿ ಎಂಬ ಅರ್ಥವೂ ಇದೆ, ಆಹಾರ ಎಂಬ ಅರ್ಥವೂ ಇದೆ. ಊಟದ ಕಲ್ಪನೆಯೇ ಧಾನ್ಯದ ಸುತ್ತ ಬೆಳೆದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಳೆ ಮೈಸೂರಿನಲ್ಲಿ ರಾಗಿಮುದ್ದೆ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ, ಕರಾವಳಿಯಲ್ಲಿ ಕುಚ್ಚಲಕ್ಕಿ. ಸಾರು, ಪಲ್ಯ, ಗೊಜ್ಜುಗಳೆಲ್ಲ ಅವುಗಳಿಗೆ ನೆಂಚಿಕೆ ಮಾತ್ರ. ಹೀಗಿರುವಾಗ ಮನೆಯಲ್ಲಿ ಒಬ್ಬರು 'ಇಂದಿನಿಂದ ಅನ್ನ ಬೇಡ' ಎಂದರೆ ಅವರ ತಟ್ಟೆಯಲ್ಲಿ ಉಳಿಯುವುದು ಊಟವಲ್ಲ, ನೆಂಚಿಕೆ. ಅದನ್ನೇ ಊಟವಾಗಿಸುವ ಹೊಣೆ ಅಡುಗೆಮನೆಯ ಮೇಲೆ ಬೀಳುತ್ತದೆ.

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇರುವ ಆಹಾರಕ್ರಮವನ್ನು ಸಾಮಾನ್ಯವಾಗಿ ಕಡಿಮೆ ಪಿಷ್ಟದ ಪಥ್ಯವೆನ್ನುತ್ತಾರೆ. 'ಕೀಟೋ' ಎಂದು ಹೆಸರಾದ ಕಟ್ಟುನಿಟ್ಟಿನ ಕ್ರಮದಲ್ಲಿ ಇದು 50 ಗ್ರಾಂಗಿಂತಲೂ ಕೆಳಗಿಳಿಯುತ್ತದೆ. ನೂರು ಗ್ರಾಂ ಅನ್ನದಲ್ಲಿಯೇ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇರುವುದರಿಂದ ಎರಡು ಹೊತ್ತಿನ ಊಟಕ್ಕೆ ಎಷ್ಟು ಅವಕಾಶ ಉಳಿಯುತ್ತದೆಂದು ಯಾರಾದರೂ ಲೆಕ್ಕ ಹಾಕಬಹುದು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಒಳಿತು. ಅಕ್ಕಿ ಬಿಟ್ಟು ರಾಗಿ ಹಿಡಿದರೆ ಪಥ್ಯವಾಯಿತೆಂದು ಅನೇಕರು ನಂಬಿದ್ದಾರೆ. ರಾಗಿಯಲ್ಲಿ ಸುಣ್ಣದಂಶವೂ ನಾರೂ ಅಕ್ಕಿಗಿಂತ ಹೆಚ್ಚು, ನಿಜ. ಆದರೆ ಅದರ ತೂಕದಲ್ಲಿ ಮೂರನೆಯ ಎರಡು ಭಾಗ ಕಾರ್ಬೋಹೈಡ್ರೇಟೇ. ದೊಡ್ಡ ಮುದ್ದೆ ಒಂದು ಸಣ್ಣ ತಟ್ಟೆ ಅನ್ನಕ್ಕಿಂತ ಹಗುರವಲ್ಲ.

ಈ ಪಥ್ಯ ಸಾಮಾನ್ಯರ ಮನೆಗಳಿಗೂ ಬಂದುದಕ್ಕೆ ಮಧುಮೇಹವೇ ಮುಖ್ಯ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಅಧ್ಯಯನವು 2023ರಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿತು. ಅದೇ ಅಧ್ಯಯನದ 2025ರ ವರದಿಯಂತೆ ಭಾರತೀಯರಿಗೆ ದೊರೆಯುವ ಶಕ್ತಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟುಗಳಿಂದಲೇ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ಧಾನ್ಯಗಳಿಂದ ದೊರೆಯುವ ಶಕ್ತಿ ಶೇ. 45ನ್ನು ಮೀರಬಾರದೆಂದು ಹೇಳಿತು. ಕಟ್ಟುನಿಟ್ಟಿನ ಕೀಟೋಗೂ ಈ ಸಲಹೆಗೂ ಬಹಳ ಅಂತರವಿದೆ ಎಂಬುದನ್ನು ಮರೆಯಬಾರದು.

ಅಡುಗೆಮನೆಯಲ್ಲಿ ಮೊದಲು ಬದಲಾಗುವುದು ತರಕಾರಿಯ ಲೆಕ್ಕ. ತಲೆಗೆ ಎರಡು ಚಮಚ ಪಲ್ಯ ಸಾಕಾಗುತ್ತಿದ್ದ ಮನೆಯಲ್ಲಿ ಪಥ್ಯದವರೊಬ್ಬರಿಗೇ ಒಂದು ಬಟ್ಟಲು ಬೇಕು. ಕಾಲು ಕಿಲೋ ಹುರುಳಿಕಾಯಿ ಅರ್ಧ ಕಿಲೋ ಆಗುತ್ತದೆ; ಹೆಚ್ಚುವ ಸಮಯವೂ ಇಮ್ಮಡಿಯಾಗುತ್ತದೆ. ಅನ್ನಕ್ಕೆಂದು ಮಾಡಿದ ತಿಳಿಸಾರನ್ನು ಬರಿದೇ ಕುಡಿದರೆ ಹೊಟ್ಟೆ ತುಂಬದು. ಮಸೊಪ್ಪು, ಕೂಟು, ಮಜ್ಜಿಗೆಹುಳಿಯಂಥ ಗಟ್ಟಿ ಪದಾರ್ಥಗಳಿಗೆ ಬೇಡಿಕೆ ಬರುತ್ತದೆ. ಮೊಟ್ಟೆ, ಮೀನು ತಿನ್ನುವ ಮನೆಗಳಲ್ಲಿ ಇದು ಸುಲಭ. ಸಸ್ಯಾಹಾರಿ ಮನೆಗಳ ಕಷ್ಟ ಬೇರೆ. ತೊಗರಿಬೇಳೆಯಲ್ಲಿ ಐದನೆಯ ಒಂದು ಭಾಗದಷ್ಟು ಪ್ರೋಟೀನ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ. ಹಾಗಾಗಿ ಪನೀರು, ಮೊಸರು, ಸೋಯಾ, ಶೇಂಗಾಗಳನ್ನೇ ನೆಚ್ಚಬೇಕಾಗುತ್ತದೆ.

ಖರ್ಚಿನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. 2013ರಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ ರಾಜ್ಯದ ಬಡಕುಟುಂಬಗಳಿಗೆ ಅಕ್ಕಿ ಚಿಂತೆಯ ವಸ್ತುವಾಗಿ ಉಳಿದಿಲ್ಲ. ಹುರುಳಿಕಾಯಿಯೂ ಪನೀರೂ ಹಾಗಲ್ಲ. ತಿಂಗಳ ದುಡ್ಡು ಹೆಚ್ಚದಿದ್ದರೆ ಒಬ್ಬರ ತಟ್ಟೆಗೆ ಸೇರಿದ ಮೊಟ್ಟೆ, ಮೊಸರು ಇನ್ನೊಬ್ಬರ ಪಾಲಿನಿಂದಲೇ ಬಂದಿರುತ್ತದೆ. ಆ ಇನ್ನೊಬ್ಬರು ಯಾರೆಂದು ಊಹಿಸುವುದು ಕಷ್ಟವಲ್ಲ. ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಕೂರುವ ಗೃಹಿಣಿಯ ಮುಂದೆ ಉಳಿದಿರುವುದು ಅನ್ನವೇ. ಪಥ್ಯ ಒಬ್ಬರದಾದರೂ ಅಕ್ಕಿ ಅಳೆಯುವ ಪಾವು ಹಳೆಯ ಅಭ್ಯಾಸವನ್ನು ಬಿಟ್ಟಿರುವುದಿಲ್ಲ. ಮಿಕ್ಕ ಅನ್ನ ಮರುದಿನ ಬೆಳಿಗ್ಗೆ ಚಿತ್ರಾನ್ನವಾಗಿ ಅವಳ ತಟ್ಟೆಗೇ ಬರುತ್ತದೆ. ಯಜಮಾನರ ಸಕ್ಕರೆ ಇಳಿಯುತ್ತಿರುವ ಮನೆಯಲ್ಲಿ ಯಜಮಾನಿಯ ಸಕ್ಕರೆ ಪರೀಕ್ಷೆ ನಡೆದು ಎಷ್ಟು ದಿನವಾಯಿತೆಂದು ಕೇಳುವವರು ವಿರಳ.

ಇದರಿಂದ ಕೇಡೇ ಆಗುತ್ತದೆಂದಲ್ಲ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು 130 ಜೋಡಿಗಳನ್ನು ಆರು ತಿಂಗಳು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಂಪತಿಗಳಲ್ಲಿ ಒಬ್ಬರು ತೂಕ ಇಳಿಸಲು ತೊಡಗಿದಾಗ, ಯಾವ ಚಿಕಿತ್ಸೆಯನ್ನೂ ಪಡೆಯದ ಸಂಗಾತಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರ ತೂಕವೂ ಶೇ. 3 ಅಥವಾ ಅದಕ್ಕಿಂತ ಹೆಚ್ಚು ಇಳಿದಿತ್ತು. ಬಿಸ್ಕತ್ತಿನ ಡಬ್ಬ ಬರಿದಾದರೆ ಅದು ಎಲ್ಲರಿಗೂ ಬರಿದಾದಂತೆ. ಆದರೆ ಬೆಳೆಯುವ ಮಕ್ಕಳು, ಗರ್ಭಿಣಿಯರು, ಬಾಣಂತಿಯರನ್ನು ಮನೆಯ ಅನುಕೂಲಕ್ಕೆಂದು ಕೀಟೋಗೆ ಎಳೆಯುವುದು ಸರಿಯಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಔಷಧಿಯ ವಿಷಯ ಇನ್ನೂ ಗಂಭೀರ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಹಳೆಯ ಪ್ರಮಾಣವನ್ನೇ ಮುಂದುವರಿಸಿ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ವರ್ಗದ ಗುಳಿಗೆಗಳಲ್ಲಿ ಅಪಾಯ ಬೇರೆ ಬಗೆಯದು: ಸಕ್ಕರೆ ಅಷ್ಟೇನೂ ಏರದೆಯೇ ರಕ್ತದಲ್ಲಿ ಆಮ್ಲ ಶೇಖರವಾಗುವ ಕೀಟೋಆಸಿಡೋಸಿಸ್ ಉಂಟಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಮನೆಯವರು ಅಜೀರ್ಣವೆಂದು ಕಷಾಯ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆದ್ದರಿಂದ ಪಥ್ಯ ಆರಂಭಿಸುವ ಮುನ್ನವೇ ಗುಳಿಗೆಯ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ಎರಡು ಅಡುಗೆ ಮಾಡುವ ಶ್ರಮವನ್ನು ತಪ್ಪಿಸಲು ದಾರಿಯಿದೆ. ಹುಳಿ, ಪಲ್ಯ, ಕೋಸಂಬರಿಗಳನ್ನು ಎಲ್ಲರಿಗೂ ಒಂದೇ ಬಗೆಯಾಗಿ ಧಾರಾಳವಾಗಿ ಮಾಡಿ, ಅನ್ನವನ್ನು ಮಾತ್ರ ಬೇಕಾದವರಿಗೆ ಬೇಕಾದಷ್ಟು ಬಡಿಸಿದರಾಯಿತು. ತರಕಾರಿ, ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆಂದು 2015ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಸಣ್ಣ ಪ್ರಯೋಗ ತೋರಿಸಿತು. ಬಾಳೆಲೆಯ ತುದಿಗೆ ಕೋಸಂಬರಿ ಮೊದಲು ಬೀಳುವುದು ನಮ್ಮಲ್ಲಿ ಹಳೆಯ ಪದ್ಧತಿಯೇ, ಅನ್ನ ಬರುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ ಅಷ್ಟೆ. ಏಕಾದಶಿಯ ದಿನ ಅನ್ನ ಬಿಡುವುದೂ ಹೊಸತಲ್ಲ, ಆದರೆ ಅನ್ನದ ಬದಲಿಗೆ ಉಪ್ಪಿಟ್ಟು, ಅವಲಕ್ಕಿ, ಸಬ್ಬಕ್ಕಿ ತಿಂದರೆ ಪಿಷ್ಟದ ಲೆಕ್ಕದಲ್ಲಿ ಉಪವಾಸವೇನೂ ಆಗುವುದಿಲ್ಲ. ಯುಗಾದಿಯ ಹೋಳಿಗೆಯ ವಿಷಯಕ್ಕೆ ಬಂದರೆ, ಪಥ್ಯದವರು ಅರ್ಧ ಹೋಳಿಗೆಯನ್ನು ತುಪ್ಪದೊಡನೆ ಊಟದ ಕೊನೆಗೆ ತಿಂದು ಅಂದು ಅನ್ನವನ್ನು ಪೂರ್ತಿ ಬಿಡುವುದು, ಹಬ್ಬದ ಇಡೀ ದಿನ ಮುಖ ಸಪ್ಪೆ ಮಾಡಿಕೊಂಡು ಕೂರುವುದಕ್ಕಿಂತ ಮನೆಯವರಿಗೂ ಹಿತ.