ಕತ್ತುನೋವಿನ ಮೂಲವಿಚಾರ

ಬೆಂಗಳೂರಿನ ವಿಜಯನಗರದ ನೆರೆಯ ಹೊಸಹಳ್ಳಿಯಲ್ಲಿ, ಮೆಟ್ರೋ ಗಾಡಿಯೊಳಗೆ ಫೋನಿನ ಮೇಲೆ ತಲೆಬಾಗಿ ನಿಂತ ತರುಣರಿಂದ ಹಿಡಿದು, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು ಸಂಜೆ ಮನೆಗೆ ಮರಳುವ ಹೆಂಗಸರವರೆಗೆ, ‘ಕತ್ತು ಹಿಡ್ಕೊಂಡಿದೆ’ ಎಂಬ ಒಂದೇ ಮಾತು ಕೇಳಿಬರುವುದಾದರೂ, ಆ ಮಾತಿನ ಮರೆಯಲ್ಲಿ ಪರಸ್ಪರ ಸಂಬಂಧವಿಲ್ಲದ ಹಲವು ವ್ಯಾಧಿಗಳಿರಬಹುದು. ನೋವು ಎಲ್ಲಿದೆಯೆಂಬುದಕ್ಕಿಂತ ಅದು ಎತ್ತ ಇಳಿಯುತ್ತದೆ, ಯಾವುದರೊಡನೆ ಬರುತ್ತದೆ ಎಂಬುದೇ ಮೂಲವನ್ನು ಸೂಚಿಸತಕ್ಕದ್ದು.

ಬಹುಪಾಲು ನೋವು ಸ್ನಾಯುಗಳದು. ಸುಮಾರು 5 ಕಿಲೋ ಭಾರದ ಶಿರಸ್ಸು ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದಿರುವ ಹಿಂಭಾಗದ ಸ್ನಾಯುಗಳು ದಣಿಯುತ್ತವೆ. ಇಂಥ ನೋವು ಕೈಗೆ ವಿಶೇಷವಾಗಿ ಇಳಿಯದೆ, ಕೆಲವು ದಿನ ಅಥವಾ ವಾರಗಳಲ್ಲಿ ಶಮನವಾಗುವುದು.

ನರದ ಬುಡ ಒತ್ತಲ್ಪಟ್ಟಾಗಲಾದರೋ, ನೋವು ತೋಳಿನುದ್ದಕ್ಕೂ ಸೆಳೆದು ಬೆರಳು ಜೋಮು ಹಿಡಿಯುತ್ತದೆ: ಹೆಬ್ಬೆರಳಾದರೆ ಸಾಮಾನ್ಯವಾಗಿ ಕತ್ತಿನ 6ನೆಯ ನರ, ನಡುಬೆರಳಾದರೆ 7ನೆಯದು, ಕಿರುಬೆರಳಾದರೆ 8ನೆಯದು. ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಇಂಥವರಲ್ಲಿ ಅನೇಕರಿಗೆ ಹಿತವೆನಿಸುತ್ತದೆ. ಕತ್ತು ಸರಾಗವಾಗಿ ತಿರುಗುತ್ತಿದ್ದು, ತಲೆ ಬಾಚಲು ತೋಳೆತ್ತಿದಾಗ ಮಾತ್ರ ನೋಯುವುದಾದರೆ ದೋಷ ಭುಜದಲ್ಲಿರುವ ಸಂಭವವೇ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಮಿದುಳುಬಳ್ಳಿಯೇ ಒತ್ತಲ್ಪಟ್ಟಾಗ. ಆಗ ನೋವು ಅಲ್ಪವಾಗಿರಬಹುದು, ಇಲ್ಲದೆಯೂ ಇರಬಹುದು. ಸೂಜಿಗೆ ದಾರ ಪೋಣಿಸುತ್ತಿದ್ದ ಬೆರಳು ರವಿಕೆಯ ಹುಕ್ಕು ಹಾಕಲೂ ತಡವರಿಸುತ್ತದೆ, ನಡಿಗೆ ತೂರಾಡುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ವಯಸ್ಸಾಯಿತೆಂದು ಮನೆಯವರು ಇದನ್ನು ಸುಮ್ಮನೆ ಬಿಡುವುದನ್ನು ಕಂಡಾಗ ನನಗೆ ಅತೀವ ವ್ಯಥೆಯಾಗುತ್ತದೆ. ಏಕೆಂದರೆ ಶಸ್ತ್ರಚಿಕಿತ್ಸೆಯು ಮುಂದಿನ ಹಾನಿಯನ್ನು ತಡೆಯಬಲ್ಲುದಾದರೂ, ಕಳೆದ ಶಕ್ತಿಯೆಲ್ಲವನ್ನೂ ಮರಳಿಸುವ ಭರವಸೆಯಿಲ್ಲ.

ಎಕ್ಸ್‌ರೇಯಲ್ಲಿ ಕಶೇರು ಸವೆದಿರುವುದು ಕಂಡೊಡನೆ ಕಾರಣ ದೊರೆಯಿತೆಂದು ತಿಳಿಯಲಾಗದು. 50 ದಾಟಿದ ಎಷ್ಟೋ ಮಂದಿಯಲ್ಲಿ ಯಾವ ನೋವೂ ಇಲ್ಲದೆಯೇ ಆ ಸವೆತವಿರುತ್ತದೆ. ಕ್ಷೌರದಂಗಡಿಯಲ್ಲಿ ಥಟ್ಟನೆ ತಿರುಚಿಸಿ ನೆಟಿಕೆ ತೆಗೆಸಿಕೊಳ್ಳುವುದನ್ನಂತೂ ಬಿಡಲೇಬೇಕು. ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಅದರಿಂದ ಹರಿದು ಪಾರ್ಶ್ವವಾಯು ಬಡಿದುದುಂಟು.

ಜ್ವರ, ತೀವ್ರ ತಲೆನೋವುಗಳೊಡನೆ ಕತ್ತು ಸೆಟೆದರೆ ಮಿದುಳುಪೊರೆಯ ಸೋಂಕನ್ನೂ, ಸಂಜೆಯ ಜ್ವರದೊಡನೆ ಮೈ ಇಳಿದು ರಾತ್ರಿಯೂ ಬಿಡದೆ ನೋಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವನ್ನೂ ಶಂಕಿಸಬೇಕು. ಮೆಟ್ಟಿಲೇರುವಾಗ ಕತ್ತು, ದವಡೆ, ಎಡದೋಳುಗಳಲ್ಲಿ ಬಿಗಿತವುಂಟಾಗಿ ಬೆವರು ಸುರಿದರೆ ಅದು ಹೃದಯದ ಕೂಗಾಗಿರಬಹುದು. ಅಂಥವರು ಮೂಳೆವೈದ್ಯರ ಬಾಗಿಲಲ್ಲಿ ಚೀಟಿ ಹಿಡಿದು ಕಾಯದೆ, 108ಕ್ಕೆ ಕರೆಮಾಡಿ ಹೃದ್ರೋಗದ ಚಿಕಿತ್ಸೆಯಿರುವ ಆಸ್ಪತ್ರೆಯನ್ನು ತಕ್ಷಣ ಸೇರಬೇಕು.